ಜೀವನಕೌಶಲ ಶಿಕ್ಷಣ

ಗಣಿತ, ವಿಜ್ಞಾನ, ಭಾಷೆ ಮೊದಲಾದ ಪಠ್ಯವಿಷಯಗಳ ಜೊತೆಯಲ್ಲಿಯೇ, ಕೋಪವನ್ನು ಹಿಡಿತದಲ್ಲಿರಿಸಿಕೊಳ್ಳುವುದು, ಪರರ ನೋವನ್ನರಿಯುವುದು, ಒಡನಾಡಿಗಳ ಒತ್ತಾಯಕ್ಕೆ ಮಣಿಯದೆ ಸ್ವತಃ ಆಲೋಚಿಸಿ ನಿರ್ಧರಿಸುವುದು ಮುಂತಾದ ಸಾಮರ್ಥ್ಯಗಳನ್ನು ವಿದ್ಯಾರ್ಥಿಗಳಿಗೆ ತರಗತಿಯಲ್ಲಿ ಅಭ್ಯಾಸಮಾಡಿಸುವ ಕ್ರಮಕ್ಕೆ ಜೀವನಕೌಶಲ ಶಿಕ್ಷಣವೆಂದು ಹೆಸರು. ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿ ಇಂತಹ ಹತ್ತು ಕೌಶಲಗಳನ್ನು ಗುರುತಿಸಿತು: ಸ್ವ-ಅರಿವು, ಪರಾನುಭೂತಿ, ವಿಮರ್ಶಾತ್ಮಕ ಹಾಗೂ ಸೃಜನಾತ್ಮಕ ಚಿಂತನೆ, ನಿರ್ಧಾರಶಕ್ತಿ, ಸಮಸ್ಯಾಪರಿಹಾರ, ಸಂವಹನ, ಪರಸ್ಪರ ಸಂಬಂಧ, ಭಾವನೆ ಮತ್ತು ಮಾನಸಿಕ ಒತ್ತಡಗಳ ನಿರ್ವಹಣೆ.

ವಿದ್ಯೆಯು ಶೀಲವನ್ನೂ ರೂಪಿಸಬೇಕೆಂಬ ಆಶಯ ನಮ್ಮಲ್ಲಿ ಹೊಸದಲ್ಲ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಮುಂದಿಟ್ಟ ಮೂಲಶಿಕ್ಷಣವು ಕೈಕಸುಬನ್ನೇ ಕಲಿಕೆಯ ಕೇಂದ್ರವಾಗಿಸಿತು. ಸ್ವಾತಂತ್ರ್ಯಾನಂತರ, ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಮತೋಪದೇಶವು ಸಲ್ಲದೆಂದು ಸಂವಿಧಾನದ 28ನೆಯ ವಿಧಿಯು ವಿಧಿಸಿದುದರಿಂದ, ಎಲ್ಲ ಮತದವರಿಗೂ ಸಮ್ಮತವಾದ ನೀತಿಶಿಕ್ಷಣ ಯಾವುದೆಂಬ ಪ್ರಶ್ನೆ ಮುಂದೆ ಬಂದಿತು. 1959ರಲ್ಲಿ ನೇಮಕಗೊಂಡ ಶ್ರೀಪ್ರಕಾಶ ಸಮಿತಿಯು ಇದನ್ನೇ ವಿಚಾರಿಸಿತು. ಮೈಸೂರಿನಲ್ಲಿ 1974ರಲ್ಲಿ ಆರಂಭವಾದ ರಾಮಕೃಷ್ಣ ನೈತಿಕ ಹಾಗೂ ಆಧ್ಯಾತ್ಮಿಕ ಶಿಕ್ಷಣ ಸಂಸ್ಥೆಯು ಮೌಲ್ಯಶಿಕ್ಷಣದ ದೃಷ್ಟಿಯಿಂದ ಶಿಕ್ಷಕರನ್ನು ಸಿದ್ಧಗೊಳಿಸುವ ಕಾರ್ಯವನ್ನು ಕೈಗೊಂಡಿತು.

ಕರ್ನಾಟಕದ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಗಮನಾರ್ಹ ಪ್ರಯತ್ನವು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯದು. ಹದಿಹರೆಯದವರ ಮಾನಸಿಕ ಆರೋಗ್ಯಕ್ಕೆ ಚಿಕಿತ್ಸಾಲಯಕ್ಕಿಂತ ಮೊದಲು ಶಾಲೆಯೇ ನೆರವಾಗಬಲ್ಲುದೆಂಬ ನಂಬಿಕೆಯಿಂದ ಅಲ್ಲಿಯ ತಜ್ಞರಾದ ಶ್ರೀಕಲಾ ಭರತ್ ಮತ್ತು ಕೆ.ವಿ. ಕಿಶೋರ್ ಕುಮಾರ್ ಅವರು ಪ್ರೌಢಶಾಲಾ ತರಗತಿಗಳಿಗೆಂದು ಕೈಪಿಡಿಗಳನ್ನು ರಚಿಸಿದರು. ಹೊರಗಿನಿಂದ ತಜ್ಞರು ಬಂದು ಉಪನ್ಯಾಸವಿತ್ತು ಹೋಗುವ ಪದ್ಧತಿ ಇದಲ್ಲ. ದಿನವೂ ಹಾಜರಿ ಕರೆಯುವ ಶಾಲೆಯ ಶಿಕ್ಷಕರೇ ತರಬೇತಿ ಪಡೆದು ಇದನ್ನು ನಡೆಸುತ್ತಾರೆ. ಸುಳ್ಳಾಡಬಾರದು, ದುಶ್ಚಟಕ್ಕೆ ಬೀಳಬಾರದು ಎಂದು ಹೇಳಿ ಮುಗಿಸುವುದರ ಬದಲು, ಗೆಳೆಯನೊಬ್ಬನು ಬೀಡಿ ಚಾಚಿದಾಗ ಅವನ ಸ್ನೇಹವನ್ನು ಕಳೆದುಕೊಳ್ಳದೆ ಬೇಡವೆನ್ನುವುದು ಹೇಗೆಂಬಂತಹ ಸನ್ನಿವೇಶವನ್ನು ಮಕ್ಕಳ ಮುಂದಿರಿಸಿ, ಗುಂಪುಚರ್ಚೆಯಿಂದಲೂ ಪಾತ್ರಾಭಿನಯದಿಂದಲೂ ಅವರೇ ಉತ್ತರವನ್ನು ಕಂಡುಕೊಳ್ಳುವಂತೆ ಮಾಡುವುದು ಇದರ ಜೀವಾಳ. ಈಜನ್ನು ದಡದಲ್ಲಿ ನಿಂತು ಕಲಿಸಲಾಗದಂತೆ, ಧೈರ್ಯವನ್ನೂ ದಯೆಯನ್ನೂ ಕರಿಹಲಗೆಯ ಮೇಲೆ ಬರೆದು ಕಲಿಸಲಾಗದು.

261 ಪ್ರೌಢಶಾಲೆಗಳಲ್ಲಿ ನಡೆದ ಈ ಕಾರ್ಯಕ್ರಮದ ಪರಿಣಾಮವನ್ನು ಅವರು 2010ರಲ್ಲಿ ಪ್ರಕಟಿಸಿದರು. ಕಾರ್ಯಕ್ರಮದಲ್ಲಿದ್ದ 605 ವಿದ್ಯಾರ್ಥಿಗಳನ್ನು, ಅದಿಲ್ಲದ ಸಮೀಪದ ಶಾಲೆಗಳ 423 ವಿದ್ಯಾರ್ಥಿಗಳೊಡನೆ ಹೋಲಿಸಿದಾಗ, ಮೊದಲಿನವರಲ್ಲಿ ಆತ್ಮಗೌರವವೂ, ಕಷ್ಟವನ್ನೆದುರಿಸುವ ಶಕ್ತಿಯೂ, ಶಿಕ್ಷಕರೊಡನೆ ಹೊಂದಾಣಿಕೆಯೂ, ಪರೋಪಕಾರ ಪ್ರವೃತ್ತಿಯೂ ಹೆಚ್ಚಾಗಿ ಕಂಡುಬಂದವು. ಆದರೆ ಮನೆಯವರೊಡನೆಯೂ ಸಮವಯಸ್ಕರೊಡನೆಯೂ ಇರುವ ಹೊಂದಾಣಿಕೆಯಲ್ಲಿ ಗಮನಾರ್ಹ ಭೇದವೇನೂ ತೋರಲಿಲ್ಲ. ಈ ಎರಡನೆಯ ಫಲಿತಾಂಶವೇ ಹೆಚ್ಚು ಮನನಯೋಗ್ಯವೆಂದು ತೋರುತ್ತದೆ. ಏಕೆಂದರೆ ಗುರುಶಿಷ್ಯರ ನಡುವಣ ಸಂಬಂಧವನ್ನು ಹಸನುಗೊಳಿಸಬಲ್ಲ ಶಿಕ್ಷಣವು ತಾನಾಗಿಯೇ ಮನೆಯ ಹೊಸ್ತಿಲನ್ನು ದಾಟದೆಂಬುದನ್ನು ಇದು ಸೂಚಿಸುತ್ತದೆ.

ಬೆಂಗಳೂರಿನ ಪಶ್ಚಿಮದಂಚಿನ ಕೆಂಗೇರಿಯಂತಹ ಪ್ರದೇಶದಲ್ಲಿ ಇಂತಹ ಶಿಕ್ಷಣದ ಮಹತ್ವ ಇನ್ನೂ ಅಧಿಕ. ಮೈಸೂರು ರಸ್ತೆಯ ಹಳೆಯ ಊರು, ಅದಕ್ಕಂಟಿದ ಉಪನಗರದ ಬಡಾವಣೆಗಳು, 2021ರ ಆಗಸ್ಟ್‌ನಲ್ಲಿ ಅಲ್ಲಿಯವರೆಗೂ ಬಂದ ಮೆಟ್ರೊ ರೈಲು, ಆ ರಸ್ತೆಯುದ್ದಕ್ಕೂ ಇರುವ ಸಿದ್ಧ ಉಡುಪಿನ ಕಾರ್ಖಾನೆಗಳು, ಇವೆಲ್ಲ ಸೇರಿದ ನೆಲೆಯಲ್ಲಿ ಮೂಲನಿವಾಸಿಗಳ ಮಕ್ಕಳೂ ಬೇರೆ ಜಿಲ್ಲೆಗಳಿಂದ ದುಡಿಮೆಗಾಗಿ ಬಂದವರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂಡುತ್ತಾರೆ. ತಂದೆತಾಯಿಗಳಿಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ, ಮಗುವಿನ ಮಾತನ್ನು ಸಾವಧಾನವಾಗಿ ಕೇಳುವ ಹಿರಿಯರು ಹಗಲಿನಲ್ಲಿ ಶಿಕ್ಷಕರೊಬ್ಬರೇ ಆಗಿರುವುದುಂಟು.

ಅಡಚಣೆಗಳೂ ಅಲ್ಪವಲ್ಲ. ಎಸ್.ಎಸ್.ಎಲ್.ಸಿ.ಯ ಅಂಕಗಳಲ್ಲಿ ಈ ಕೌಶಲಗಳಿಗೆ ಪ್ರತ್ಯೇಕ ಅಂಕವಿಲ್ಲದ ಕಾರಣ, ಪರೀಕ್ಷೆ ಸಮೀಪಿಸಿದೊಡನೆ ಇದರ ಪಿರಿಯಡ್ ಗಣಿತಕ್ಕೋ ವಿಜ್ಞಾನಕ್ಕೋ ಸಂದುಹೋಗುವುದು ಸಹಜ. ಹಾಗೆಂದು ಇದಕ್ಕೂ ಅಂಕವನ್ನು ಗೊತ್ತುಪಡಿಸಿದರೆ ಮಕ್ಕಳು ಪರಾನುಭೂತಿಯ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಯಾರೇ ಹೊರತು ಪಕ್ಕದವನ ಕಡೆಗೆ ತಿರುಗಿ ನೋಡಲಾರರು. ಆದರೂ ಈ ಕಲಿಕೆಯನ್ನು ಮನೆಯವರೆಗೆ ಒಯ್ಯಲು ದಾರಿಯಿಲ್ಲದಿಲ್ಲ: ಸರ್ಕಾರಿ ಶಾಲೆಗಳಲ್ಲಿ ಪೋಷಕರನ್ನೊಳಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರಿಂದಲೂ ಇವೆ. ಕಟ್ಟಡ, ಬಿಸಿಯೂಟ, ಶೌಚಾಲಯಗಳ ವಿಚಾರದೊಡನೆ, ಮಕ್ಕಳು ತರಗತಿಯಲ್ಲಿ ಅಭ್ಯಾಸಮಾಡಿದುದು ಮನೆಯಲ್ಲಿ ಹೇಗೆ ನಡೆಯುತ್ತಿದೆಯೆಂಬುದನ್ನೂ ಶಿಕ್ಷಕರು ಈ ಸಭೆಗಳಲ್ಲಿ ಪೋಷಕರೊಡನೆ ಚರ್ಚಿಸಲು ಅವಕಾಶವಿದೆ.