ತಾಳೆಗರಿಯಿಂದ ತಂತ್ರಾಂಶದವರೆಗೆ: ಆವೃತ್ತಿಗಳ ವಂಶಾವಳಿ

ಮೂಡುಬಿದಿರೆಯ ಗುರುಬಸದಿಗೆ ಸಿದ್ಧಾಂತ ಬಸದಿ ಎಂಬ ಹೆಸರೂ ಇದೆ. 'ಷಟ್ಖಂಡಾಗಮ' ಹಾಗೂ ಅದಕ್ಕೆ ವೀರಸೇನಾಚಾರ್ಯರು 9ನೆಯ ಶತಮಾನದಲ್ಲಿ ಬರೆದ 'ಧವಳಾ' ಟೀಕೆಯ ತಾಳೆಗರಿ ಪ್ರತಿಗಳು ಉಳಿದುಬಂದದ್ದು ಈ ಊರಿನಲ್ಲಿ ಮಾತ್ರ. ಮೂಲದ ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. 19ನೆಯ ಶತಮಾನದ ಕೊನೆಯ ದಶಕದಲ್ಲಿ ಅವನ್ನು ನಕಲು ಮಾಡುವ ಕೆಲಸ ಪ್ರಾರಂಭವಾಯಿತು. ಹೊರಬಿದ್ದ ಒಂದು ನಕಲು ಉತ್ತರದ ಸಹಾರನಪುರ ಸೇರಿತು. ಅದರಿಂದ ಇನ್ನಷ್ಟು ನಕಲುಗಳು ಹುಟ್ಟಿದವು. ಪ್ರೊ. ಹೀರಾಲಾಲ್ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಮುದ್ರಿಸಿದಾಗ ಅವರ ಕೈಯಲ್ಲಿದ್ದುದು ಇಂಥ ನಕಲಿನ ನಕಲುಗಳು.

93ನೆಯ ಸೂತ್ರದಲ್ಲಿ 'ಸಂಜದ' ಎಂಬ ಒಂದು ಪದ ಆ ನಕಲುಗಳಲ್ಲಿ ಇರಲಿಲ್ಲ. ಟೀಕೆಯ ತರ್ಕವನ್ನು ನೋಡಿದರೆ ಅದು ಇರಲೇಬೇಕೆಂದು ಸಂಪಾದಕರಿಗೆ ಅನಿಸಿತು. ವಿದ್ವಾಂಸರಲ್ಲಿ ದೊಡ್ಡ ವಾದವೇ ನಡೆಯಿತು. ಕೊನೆಗೆ ಮೂಡುಬಿದಿರೆಯ ತಾಳೆಗರಿಯನ್ನೇ ನೋಡಿದಾಗ ಪದ ಅಲ್ಲಿತ್ತು! ಎಲ್ಲೋ ಒಬ್ಬ ಲಿಪಿಕಾರನ ಕಣ್ಣು ಜಾರಿದ್ದು ಮುಂದಿನ ಪ್ರತಿಗಳಿಗೆಲ್ಲ ಆಸ್ತಿಯಂತೆ ಬಂದಿತ್ತು.

ತಂತ್ರಾಂಶ ರಚನೆಯಲ್ಲಿಯೂ ಇದೇ ತೊಡಕು ಬೇರೆ ವೇಷದಲ್ಲಿ ಬಂತು. 1976ರಲ್ಲಿ ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ 'ಮೇಕ್' ಎಂಬ ಸಾಧನವನ್ನು ರಚಿಸಿದರು. ಅವರ ಸಹೋದ್ಯೋಗಿಯೊಬ್ಬರು ಸರಿಯಾಗಿಯೇ ಇದ್ದ ಪ್ರೋಗ್ರಾಮಿನಲ್ಲಿ ಬಹಳ ಹೊತ್ತು ತಪ್ಪು ಹುಡುಕಿದ್ದರು. ತಿದ್ದಿದ ಕಡತ ಮರುಸಂಕಲನವಾಗಿರಲಿಲ್ಲ, ಅಷ್ಟೆ. ಮೇಕ್ ಕಡತಗಳ ಸಮಯವನ್ನು ಹೋಲಿಸಿ, ಹಳತಾದುದನ್ನು ಮತ್ತೆ ಕಟ್ಟುತ್ತದೆ. ಆದರೆ ಅದಕ್ಕೆ ಆವೃತ್ತಿ ಸಂಖ್ಯೆಗಳ ಪರಿವೆ ಇಲ್ಲ.

ಜಾವಾ ಜಗತ್ತಿನಲ್ಲಿ ಆ ಹೊಣೆ ಹೊತ್ತದ್ದು ಅಪಾಚೆ ಸಂಸ್ಥೆಯ 'ಮೇವನ್'. 2005ರ ಅದರ 2.0 ಆವೃತ್ತಿಯಲ್ಲಿ ಪರೋಕ್ಷ ಅವಲಂಬನೆಗಳೂ ತಾವಾಗಿಯೇ ಬರತೊಡಗಿದವು. ನೀವು 'ಅ' ಎಂಬ ಗ್ರಂಥಾಲಯವನ್ನು ಕೇಳಿದರೆ, 'ಅ' ಕೇಳುವ 'ಬ', 'ಬ' ಕೇಳುವ 'ಕ' ಎಲ್ಲವೂ ಬಂದಿಳಿಯುತ್ತವೆ. ಎರಡು ದಾರಿಗಳಿಂದ 'ಕ'ದ ಎರಡು ಆವೃತ್ತಿಗಳು ಬಂದರೆ? ಮೇವನ್ ನಿಮ್ಮ ಯೋಜನೆಗೆ ಹತ್ತಿರವಿರುವುದನ್ನು ಆರಿಸುತ್ತದೆ. ದೂರ ಸಮವಾದರೆ ಮೊದಲು ಹೆಸರಿಸಿದ್ದನ್ನು. ಹೊಸದೋ ಹಳೆಯದೋ ಎಂದು ನೋಡುವುದಿಲ್ಲ. ನನ್ನ ದೃಷ್ಟಿಯಲ್ಲಿ ಇದು ಅಷ್ಟೇನೂ ಒಳ್ಳೆಯ ನಿಯಮವಲ್ಲ. ಕೈಗೆ ಸಿಕ್ಕ ನಕಲೇ ಪ್ರಮಾಣ ಎಂದಂತಾಯಿತು.

ಇದಕ್ಕೆ ಮದ್ದೂ ಮೇವನ್‌ನಲ್ಲೇ ಇದೆ. ಹಲವು ಯೋಜನೆಗಳಿಗೆ ಒಂದು ತಾಯಿ ಕಡತವನ್ನು ಇಟ್ಟು, ಅದರ 'ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್' ಭಾಗದಲ್ಲಿ ಪ್ರತಿ ಗ್ರಂಥಾಲಯದ ಆವೃತ್ತಿಯನ್ನು ಒಮ್ಮೆ ಬರೆಯಬಹುದು. ಹಾಗೆ ಬರೆದರೆ ಗ್ರಂಥಾಲಯವೇನೂ ಬರುವುದಿಲ್ಲ. ಅದು ಯಾವ ದಾರಿಯಿಂದ ಬಂದರೂ ಈ ಸಂಖ್ಯೆಯದೇ ಬರಬೇಕು ಎಂಬ ಕಟ್ಟಳೆ ಮಾತ್ರ ಏರ್ಪಡುತ್ತದೆ. ಮಕ್ಕಳ ಕಡತಗಳಲ್ಲಿ ಹೆಸರಿದ್ದರೆ ಸಾಕು. 2008ರ 2.0.9ರಲ್ಲಿ ಇಂಥ ಪಟ್ಟಿಯನ್ನು ಬೇರೆ ಯೋಜನೆಯಿಂದ ಎರವಲು ಪಡೆಯುವ ಸೌಲಭ್ಯವೂ ಬಂತು.

ಇದರ ಬೆಲೆ 2021ರ ಡಿಸೆಂಬರಿನಲ್ಲಿ ತಿಳಿಯಿತು. 'ಲಾಗ್‌ಫೋರ್‌ಜೆ' ಎಂಬ ದಾಖಲಾತಿ ಗ್ರಂಥಾಲಯದ 2.14.1ರವರೆಗಿನ ಅನೇಕ ಆವೃತ್ತಿಗಳಲ್ಲಿ, ದೂರದಿಂದಲೇ ಗಣಕವನ್ನು ವಶಪಡಿಸಿಕೊಳ್ಳಬಹುದಾದ ದೋಷ ಬಯಲಾಯಿತು. ತಾವು ಅದನ್ನು ಬಳಸುತ್ತಿದ್ದೇವೆಂದೇ ಅನೇಕರಿಗೆ ಗೊತ್ತಿರಲಿಲ್ಲ. ಅದು ಮೂರನೆಯ, ನಾಲ್ಕನೆಯ ತಲೆಮಾರಿನಲ್ಲಿ ಅಡಗಿತ್ತು. 2.15.0ರ ಪರಿಹಾರವೂ ಅಪೂರ್ಣವೆಂದು ತಿಳಿದು, ಆ ತಿಂಗಳಲ್ಲೇ 2.16.0, 2.17.0, 2.17.1 ಸಾಲಾಗಿ ಬಂದವು. ತಾಯಿ ಕಡತವಿದ್ದವರು ಪ್ರತಿ ಬಾರಿಯೂ ಒಂದು ಸಾಲನ್ನು ತಿದ್ದಿ ಎಲ್ಲವನ್ನೂ ಮತ್ತೆ ಕಟ್ಟಿದರಾಯಿತು. ಆದರೆ ಮಗು ಕಡತವೊಂದು ತನ್ನದೇ ಆವೃತ್ತಿ ಸಂಖ್ಯೆಯನ್ನು ನೇರವಾಗಿ ಬರೆದುಕೊಂಡಿದ್ದರೆ, ಅಲ್ಲಿ ಅದರ ಮಾತೇ ನಡೆಯುತ್ತದೆ, ತಾಯಿಯ ತಿದ್ದುಪಡಿ ತಲುಪುವುದಿಲ್ಲ. ಅಂಥ ಕಡತಗಳನ್ನು ಒಂದೊಂದಾಗಿ ತೆರೆದೇ ನೋಡಬೇಕು, ತಾಳೆಗರಿಯನ್ನು ನೋಡಿದಂತೆ.