ಶಾಸಕರ ಖಾಸಗಿ ಮಸೂದೆ: ಮಂಡನೆಯಿಂದ ಕಾಯಿದೆಯವರೆಗೆ

ಹಿರೇನಲ್ಲೂರು ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಇಂತಹ ಊರಿನ ನಿವಾಸಿಗೆ ಸರ್ಕಾರ ಹಾಗೂ ಕಾನೂನಿನ ನೇರ ಪರಿಚಯವಾಗುವುದು ಬಹುಮಟ್ಟಿಗೆ ಮೂರು ಕಡೆ: ಮಕ್ಕಳು ಓದುವ ಶಾಲೆಯಲ್ಲಿ, ಮನೆಯ ಜಮೀನು ಪಾಲಾಗುವ ಸಂದರ್ಭದಲ್ಲಿ ಮತ್ತು ಪ್ರಮಾಣಪತ್ರಕ್ಕಾಗಿ ಕಾಯುವ ನಾಡಕಚೇರಿಯಲ್ಲಿ. ಶಿಕ್ಷಣ, ಕುಟುಂಬ ಮತ್ತು ಆಡಳಿತದ ಉತ್ತರದಾಯಿತ್ವ ಎಂಬ ಈ ಮೂರು ವಿಷಯಗಳಲ್ಲಿ ಕಾನೂನು ಬದಲಾಗಬೇಕೆಂದು ಕ್ಷೇತ್ರದ ಶಾಸಕರು ಬಯಸಿದರೆ ಸ್ವತಃ ಮಸೂದೆ ಮಂಡಿಸುವ ಹಕ್ಕು ಅವರಿಗಿದೆ. ಆ ಮಸೂದೆ ಎಷ್ಟು ದೂರ ಸಾಗಬಲ್ಲದು ಎಂಬುದು ಮಾತ್ರ ಬೇರೆಯೇ ಪ್ರಶ್ನೆ.

ಖಾಸಗಿ ಸದಸ್ಯರು ಯಾರು?

ಸಚಿವರಲ್ಲದ ಪ್ರತಿಯೊಬ್ಬ ಶಾಸಕರೂ ಸದನದ ಪರಿಭಾಷೆಯಲ್ಲಿ ‘ಖಾಸಗಿ ಸದಸ್ಯರು’. ಅವರು ವಿರೋಧ ಪಕ್ಷದವರೇ ಆಗಿರಬೇಕೆಂದಿಲ್ಲ; ಆಡಳಿತ ಪಕ್ಷದ ಸಾಮಾನ್ಯ ಸದಸ್ಯರೂ ಈ ವರ್ಗಕ್ಕೆ ಸೇರುತ್ತಾರೆ. ಕರ್ನಾಟಕ ವಿಧಾನಸಭೆಯ ಚುನಾಯಿತ ಸದಸ್ಯರ ಸಂಖ್ಯೆ 224. 2003ರ ಸಂವಿಧಾನ ತಿದ್ದುಪಡಿಯ ಪ್ರಕಾರ ಮುಖ್ಯಮಂತ್ರಿ ಸೇರಿ ಸಚಿವರ ಸಂಖ್ಯೆ ಶೇ. 15ರ ಮಿತಿಗೆ ಒಳಪಟ್ಟಿದ್ದು, ರಾಜ್ಯದಲ್ಲಿ ಅದು 34. ಅಂದರೆ ವಿಧಾನಸಭೆಯಲ್ಲಿ ಕನಿಷ್ಠ 190 ಮಂದಿ ಖಾಸಗಿ ಸದಸ್ಯರಾಗಿರುತ್ತಾರೆ. 75 ಸ್ಥಾನಗಳ ವಿಧಾನ ಪರಿಷತ್ತಿನ ಸದಸ್ಯರಿಗೂ ಮಸೂದೆ ಮಂಡಿಸುವ ಹಕ್ಕು ಉಂಟು.

ಈ ಹಕ್ಕು ಸುಲಭವಾಗಿ ಬಂದದ್ದಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಮೈಸೂರು ಪ್ರಜಾಪ್ರತಿನಿಧಿ ಸಭೆ ಆರಂಭವಾದಾಗ ಸದಸ್ಯರು ಅಹವಾಲು ಸಲ್ಲಿಸಬಹುದಿತ್ತೇ ಹೊರತು ಕಾನೂನು ಮಾಡುವ ಅಧಿಕಾರ ಅವರಿಗಿರಲಿಲ್ಲ. ಕಾನೂನು ರಚನೆಗೆಂದು ನ್ಯಾಯವಿಧಾಯಕ ಸಭೆ ಏರ್ಪಟ್ಟದ್ದು 1907ರಲ್ಲಿ.

ಮಸೂದೆಯ ಹಾದಿ

ಸದಸ್ಯರು ಮಸೂದೆಯ ಕರಡನ್ನು ಉದ್ದೇಶ ಮತ್ತು ಕಾರಣಗಳ ಹೇಳಿಕೆಯೊಡನೆ ಸಚಿವಾಲಯಕ್ಕೆ ನೀಡಿ ಸೂಚನಾಪತ್ರ ಸಲ್ಲಿಸುತ್ತಾರೆ. ಸದನದ ಅನುಮತಿಯೊಂದಿಗೆ ಮಂಡನೆ, ಬಳಿಕ ಪರ್ಯಾಲೋಚನೆ, ಖಂಡವಾರು ಚರ್ಚೆ, ಅಂಗೀಕಾರ ನಡೆಯಬೇಕು. ಉಭಯ ಸದನಗಳಿಂದ ಹೊರಬಂದ ಮೇಲೆ ರಾಜ್ಯಪಾಲರ ಅಂಕಿತ ದೊರೆತರಷ್ಟೇ ಮಸೂದೆ ಕಾಯಿದೆಯಾಗುತ್ತದೆ. ಸರ್ಕಾರಿ ಮಸೂದೆಗೂ ಇದೇ ಕ್ರಮ. ವ್ಯತ್ಯಾಸವಿರುವುದು ಬಹುಮತದಲ್ಲಿ ಮತ್ತು ಸಮಯದಲ್ಲಿ. ಸರ್ಕಾರಿ ಮಸೂದೆಯ ಹಿಂದೆ ಆಡಳಿತ ಪಕ್ಷದ ಸಂಖ್ಯಾಬಲವಿರುತ್ತದೆ. ಖಾಸಗಿ ಮಸೂದೆಯು ಖಾಸಗಿ ಕಲಾಪಕ್ಕೆ ಮೀಸಲಾದ ಅಲ್ಪ ಅವಧಿಯನ್ನೇ ನೆಚ್ಚಿಕೊಳ್ಳಬೇಕು.

ಅಧಿವೇಶನ ಮುಂದೂಡಿದ ಮಾತ್ರಕ್ಕೆ ಮಸೂದೆ ಬಿದ್ದುಹೋಗುವುದಿಲ್ಲ. ಆದರೆ ವಿಧಾನಸಭೆ ವಿಸರ್ಜನೆಯಾದರೆ ಅಲ್ಲಿ ಬಾಕಿ ಇರುವ ಮಸೂದೆಗಳು ಸಂವಿಧಾನದ 196ನೇ ವಿಧಿಯಂತೆ ರದ್ದಾಗುತ್ತವೆ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು ಕರ್ನಾಟಕ 2005ರಲ್ಲಿ ಕಾಯಿದೆಯನ್ನೇ ಮಾಡಿಕೊಂಡಿದೆ. ಆ ಗುರಿ ಹಲವು ವರ್ಷಗಳಲ್ಲಿ ಈಡೇರಿಲ್ಲ. ಸದನ ಸೇರುವ ದಿನಗಳು ಕಡಿಮೆಯಾದಷ್ಟೂ ಖಾಸಗಿ ಕಲಾಪಕ್ಕೆ ಉಳಿಯುವ ಸಮಯವೂ ಕಡಿಮೆ.

ಶಿಕ್ಷಣ: ಹಣ ಮತ್ತು ಅಂಕಿತ

ಶಿಕ್ಷಣ ಸಂಬಂಧಿ ಮಸೂದೆಗೆ ಎದುರಾಗುವ ಮೊದಲ ತಡೆ ಹಣ. ಶಾಲೆಗೆ ಕೊಠಡಿ, ಶಿಕ್ಷಕರು, ಬಿಸಿಯೂಟ ಎಂದ ಕೂಡಲೇ ರಾಜ್ಯದ ಸಂಚಿತ ನಿಧಿಯ ಮೇಲೆ ಹೊರೆ ಬೀಳುತ್ತದೆ. ಅಂತಹ ಮಸೂದೆಯನ್ನು ರಾಜ್ಯಪಾಲರ ಶಿಫಾರಸಿಲ್ಲದೆ ಸದನ ಅಂಗೀಕರಿಸುವಂತಿಲ್ಲ ಎಂದು 207ನೇ ವಿಧಿ ಹೇಳುತ್ತದೆ. ರಾಜ್ಯಪಾಲರು ಸಚಿವ ಸಂಪುಟದ ಸಲಹೆಯಂತೆ ನಡೆಯುವುದರಿಂದ, ಸರ್ಕಾರ ಒಪ್ಪದ ಹೊರತು ವೆಚ್ಚದ ಮಸೂದೆ ಮುಂದೆ ಸಾಗದು.

ಎರಡನೆಯ ತಡೆ ಕೇಂದ್ರದ್ದು. 42ನೇ ತಿದ್ದುಪಡಿಯ ಮೂಲಕ 1976ರಲ್ಲಿ ಶಿಕ್ಷಣವನ್ನು ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಸೇರಿಸಲಾಯಿತು. ಅದರ ಪರಿಣಾಮವನ್ನು ಕರ್ನಾಟಕ ಶಿಕ್ಷಣ ಕಾಯಿದೆಯಲ್ಲೇ ಕಾಣಬಹುದು. ಅದು 1983ರ ಕಾಯಿದೆ ಎಂದೇ ಹೆಸರಾದರೂ ರಾಷ್ಟ್ರಪತಿಗಳ ಅಂಕಿತಕ್ಕೆ ಕಾದು ಜಾರಿಗೆ ಬಂದದ್ದು 1995ರಲ್ಲಿ. ಆ ನಡುವೆ ಒಂದನೇ ತರಗತಿಗೆ ಸೇರಿದ ಮಗು ಪ್ರೌಢಶಾಲೆಯನ್ನೂ ಮುಗಿಸಿರುತ್ತದೆ.

ಮೂರನೆಯ ತಡೆ ಮೂಲಭೂತ ಹಕ್ಕುಗಳದು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮ ಕಡ್ಡಾಯವೆಂದ 1994ರ ಸರ್ಕಾರಿ ಆದೇಶ ದೀರ್ಘ ವ್ಯಾಜ್ಯಕ್ಕೆ ಗುರಿಯಾಯಿತು. ಸರ್ಕಾರ ಮಾಧ್ಯಮವನ್ನು ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2014ರ ಮೇ ತಿಂಗಳಲ್ಲಿ ತೀರ್ಪು ನೀಡಿತು. ಮರುವರ್ಷ ಬಂದ ಕನ್ನಡ ಭಾಷಾ ಕಲಿಕೆ ಕಾಯಿದೆಯು ಮಾಧ್ಯಮದ ಗೊಡವೆಗೆ ಹೋಗದೆ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸುವುದನ್ನು ಕಡ್ಡಾಯಗೊಳಿಸಿತು.

ಕುಟುಂಬ: ರಾಜ್ಯ ಮೊದಲು, ದೇಶ ನಂತರ

ವಿವಾಹ, ವಿಚ್ಛೇದನ, ಉತ್ತರಾಧಿಕಾರಗಳೂ ಸಮವರ್ತಿ ಪಟ್ಟಿಗೆ ಸೇರಿವೆ. ಕೇಂದ್ರದ ಕಾಯಿದೆಗೆ ವಿರುದ್ಧವಾಗಿ ರಾಜ್ಯ ಏನನ್ನಾದರೂ ವಿಧಿಸಬೇಕಾದರೆ 254ನೇ ವಿಧಿಯಂತೆ ರಾಷ್ಟ್ರಪತಿಗಳ ಅಂಕಿತ ಬೇಕು. ಆದರೂ ಈ ಕ್ಷೇತ್ರದಲ್ಲಿ ಕರ್ನಾಟಕದ ಇತಿಹಾಸ ಗಮನಾರ್ಹ. ಹಿರೇನಲ್ಲೂರು ‘ಕಡೂರು ಜಿಲ್ಲೆ’ಯಲ್ಲಿದ್ದ ಕಾಲದಲ್ಲಿ, 1933ರಷ್ಟು ಹಿಂದೆಯೇ, ಮೈಸೂರು ಸಂಸ್ಥಾನವು ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿ, ಆಸ್ತಿ ವಿಭಾಗದ ವೇಳೆ ವಿಧವೆಯರಿಗೂ ಅವಿವಾಹಿತ ಹೆಣ್ಣುಮಕ್ಕಳಿಗೂ ಪಾಲಿನ ಹಕ್ಕು ನೀಡಿತು.

ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಡುವ ರಾಜ್ಯ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ಅದಕ್ಕೆ ಮುನ್ನ ಮದುವೆಯಾದ ಹೆಣ್ಣುಮಕ್ಕಳು ಅದರ ವ್ಯಾಪ್ತಿಯಿಂದ ಹೊರಗುಳಿದರು. ಒಂದೇ ಮನೆಯ ಅಕ್ಕನಿಗೆ ಪಾಲಿಲ್ಲ, ತಂಗಿಗೆ ಪಾಲುಂಟು ಎಂಬ ಸ್ಥಿತಿ ಅದರಿಂದ ಉಂಟಾಯಿತು. 2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರದ ತಿದ್ದುಪಡಿ ಈ ಭೇದವನ್ನು ತೊಡೆಯಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ಆ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು.

ಬಾಲ್ಯವಿವಾಹದ ವಿಷಯದಲ್ಲೂ ರಾಜ್ಯವೇ ಮುಂದೆ ಸಾಗಿತು. ಕೇಂದ್ರದ 2006ರ ಕಾಯಿದೆಯಡಿ ಸಾಮಾನ್ಯವಾಗಿ ಇಂತಹ ಮದುವೆಯನ್ನು ಬಾಧಿತರು ಕೋರಿದರಷ್ಟೇ ರದ್ದುಪಡಿಸಬಹುದು. ಕರ್ನಾಟಕ ತನ್ನ ತಿದ್ದುಪಡಿಯ ಮೂಲಕ ಅದನ್ನು ಆರಂಭದಿಂದಲೇ ಅಸಿಂಧುವೆಂದಿತು. 2017ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ ಈ ಕ್ರಮವನ್ನು ಮೆಚ್ಚಿ, ಇತರ ರಾಜ್ಯಗಳಿಗೂ ಅದು ಮಾದರಿಯಾಗಬೇಕೆಂದಿತು.

ಉತ್ತರದಾಯಿತ್ವ: ತನ್ನನ್ನೇ ಕಟ್ಟಿಹಾಕಿಕೊಳ್ಳಬೇಕಾದ ಸರ್ಕಾರ

ಆಡಳಿತದ ಉತ್ತರದಾಯಿತ್ವ ಬಹುಮಟ್ಟಿಗೆ ರಾಜ್ಯದ ಕೈಯಲ್ಲೇ ಇರುವ ವಿಷಯ. ಇಲ್ಲಿ ಮುಖ್ಯ ತೊಡಕು ಸರ್ಕಾರದ ಮನಸ್ಸು. ಲೋಕಾಯುಕ್ತ ಕಾಯಿದೆ 1984ರದು. 2016ರಲ್ಲಿ ಸರ್ಕಾರ ಕೇವಲ ಆದೇಶದ ಮೂಲಕ ಭ್ರಷ್ಟಾಚಾರ ನಿಗ್ರಹ ದಳವನ್ನು ರಚಿಸಿತು; ಹೈಕೋರ್ಟ್ 2022ರ ಆಗಸ್ಟ್ 11ರಂದು ಆ ಆದೇಶವನ್ನು ರದ್ದುಪಡಿಸಿತು. ಮಾಹಿತಿ ಹಕ್ಕಿನಲ್ಲಿ ಮಾತ್ರ ಕರ್ನಾಟಕ ಕೇಂದ್ರಕ್ಕಿಂತ ಐದು ವರ್ಷ ಮೊದಲೇ, 2000ದಲ್ಲಿ, ಕಾಯಿದೆ ಮಾಡಿತ್ತು.

ಸಾಮಾನ್ಯ ಜನರಿಗೆ ಹೆಚ್ಚು ಹತ್ತಿರವಾದುದು 2011ರ ‘ಸಕಾಲ’ ಕಾಯಿದೆ. 2012ರ ಏಪ್ರಿಲ್ 2ರಂದು 11 ಇಲಾಖೆಗಳ 151 ಸೇವೆಗಳೊಂದಿಗೆ ಅದು ರಾಜ್ಯದಾದ್ಯಂತ ಆರಂಭವಾಯಿತು. ನಿಗದಿತ ಅವಧಿಯೊಳಗೆ ಸೇವೆ ಸಿಗದಿದ್ದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಸಲ್ಲಬೇಕು. ಮೊತ್ತ ಸಣ್ಣದು. ಆದರೆ ವಿಳಂಬಕ್ಕೆ ಹೊಣೆಗಾರರುಂಟು ಎಂಬುದನ್ನು ಕಾನೂನು ಮೊದಲ ಬಾರಿಗೆ ಹೋಬಳಿ ಮಟ್ಟದ ಕಚೇರಿಗೂ ಅನ್ವಯಿಸಿತು.

ಹಾಗಾದರೆ ಪ್ರಯೋಜನವೇನು?

ಸ್ವಾತಂತ್ರ್ಯಾನಂತರ ಸಂಸತ್ತಿನಲ್ಲಿ ಕಾಯಿದೆಯಾದ ಖಾಸಗಿ ಮಸೂದೆಗಳು 14 ಮಾತ್ರ. ಕೊನೆಯದು 1970ರದು. ಸಂಸತ್ ಕಲಾಪವನ್ನು ವರದಿ ಮಾಡುವ ಪತ್ರಿಕೆಗಳಿಗೆ ರಕ್ಷಣೆ ನೀಡಿದ 1956ರ ಕಾಯಿದೆ ಫಿರೋಜ್ ಗಾಂಧಿ ಅವರ ಖಾಸಗಿ ಮಸೂದೆಯ ಫಲ. ಅಂಗೀಕಾರವಾಗದ ಮಸೂದೆಯೂ ವ್ಯರ್ಥವಲ್ಲ. ತಿರುಚ್ಚಿ ಶಿವಾ ಅವರು ಲಿಂಗಪರಿವರ್ತಿತರ ಹಕ್ಕುಗಳಿಗಾಗಿ ತಂದ ಮಸೂದೆಯನ್ನು ರಾಜ್ಯಸಭೆ 2015ರ ಏಪ್ರಿಲ್ 24ರಂದು ಅಂಗೀಕರಿಸಿತು. ಲೋಕಸಭೆಯಲ್ಲಿ ಅದು ಪಾರಾಗಲಿಲ್ಲ. ಆದರೆ ಅದೇ ವಿಷಯದ ಮೇಲೆ ಸರ್ಕಾರ ತನ್ನದೇ ಮಸೂದೆ ತಂದು 2019ರಲ್ಲಿ ಕಾಯಿದೆ ಮಾಡಿತು. ಸರ್ಕಾರದ ಕಾಯಿದೆ ತಮ್ಮ ನಿರೀಕ್ಷೆಯ ಮಟ್ಟದಲ್ಲಿಲ್ಲವೆಂದು ಆ ಸಮುದಾಯದ ಅನೇಕರು ಆಕ್ಷೇಪಿಸಿದ್ದೂ ಉಂಟು.

ಆದ್ದರಿಂದ ಶಾಸಕರೊಬ್ಬರು ಮಸೂದೆ ಮಂಡಿಸುವುದಾಗಿ ಘೋಷಿಸಿದಾಗ ಮತದಾರರು ಕೇಳಬೇಕಾದ ಪ್ರಶ್ನೆಗಳು ಮೂರು. ಅದಕ್ಕೆ ತಗಲುವ ಹಣಕ್ಕೆ ಸರ್ಕಾರದ ಒಪ್ಪಿಗೆ ಇದೆಯೇ? ಕೇಂದ್ರದ ಕಾಯಿದೆಯೊಡನೆ ಅದು ಘರ್ಷಿಸುತ್ತದೆಯೇ? ಜಾರಿ ಮಾಡದ ಅಧಿಕಾರಿಗೆ ದಂಡವೇನು? ಈ ಮೂರಕ್ಕೂ ಉತ್ತರವಿರುವ ಮಸೂದೆ ಸದನದಲ್ಲಿ ಸೋತರೂ ಮುಂದಿನ ಸರ್ಕಾರದ ಕಡತದಲ್ಲಿ ಮತ್ತೆ ಕಾಣಿಸಿಕೊಳ್ಳುವ ಸಾಧ್ಯತೆ ಇದೆ. ಉತ್ತರವಿಲ್ಲದ ಮಸೂದೆ ಪತ್ರಿಕಾ ಹೇಳಿಕೆಯಾಗಿಯೇ ಉಳಿಯುತ್ತದೆ. ಹಿರೇನಲ್ಲೂರಿನ ಶಾಲೆ, ಜಮೀನು, ನಾಡಕಚೇರಿಗಳಲ್ಲಿ ಅದರಿಂದ ಯಾವ ಬದಲಾವಣೆಯೂ ಆಗದು.