ಕೋತಿಯ ಕೈಯಲ್ಲಿ ಬೀಗದ ಕೈ

ಮನೆಯಲ್ಲಿ ಸಾಕಿದ ಕೋತಿ ಮನುಷ್ಯನಂತೆ ವಸ್ತುಗಳನ್ನು ಬಳಸಿದರೆ ನಾವು ಅದರ ಜಾಣತನಕ್ಕೆ ಬೆರಗಾಗುತ್ತೇವೆ. ಆ ಜಾಣತನದಲ್ಲಿ ಕೋತಿಯ ಪಾಲೆಷ್ಟು, ಸಾಕಿದವರ ಪಾಲೆಷ್ಟು? ಸುಮಾರು ಒಂದೂವರೆ ಶತಮಾನದ ಹಿಂದಿನ ಒಂದು ದಿನಚರಿ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಡಾರ್ವಿನ್ನರ ಕಿರಿಯ ಸ್ನೇಹಿತ, ಜೀವವಿಜ್ಞಾನಿ ಜಾರ್ಜ್ ರೊಮೇನ್ಸ್ 1880ರ ಡಿಸೆಂಬರಿನಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಿಂದ ಕ್ಯಾಪುಚಿನ್ ಜಾತಿಯ ಒಂದು ಕೋತಿಯನ್ನು ಎರವಲು ತಂದರು. ಅದು ಬ್ರೆಜಿಲ್ ಮೂಲದ್ದು. ಅದನ್ನು ನೋಡಿಕೊಂಡು ದಿನಚರಿ ಬರೆದವರು ಅವರ ಸಹೋದರಿ. ಕೋತಿ ಹೆಚ್ಚಾಗಿ ಹಚ್ಚಿಕೊಂಡದ್ದು ಅವರ ವೃದ್ಧ ತಾಯಿಯನ್ನು. 1882ರಲ್ಲಿ ರೊಮೇನ್ಸ್ ಈ ದಿನಚರಿಯನ್ನು ತಮ್ಮ ‘ಅನಿಮಲ್ ಇಂಟೆಲಿಜೆನ್ಸ್’ ಗ್ರಂಥದಲ್ಲಿ ಪ್ರಕಟಿಸಿದರು.

ಕೋತಿ ಸುತ್ತಿಗೆಯಿಂದ ಅಕ್ರೋಟು ಒಡೆಯುತ್ತಿತ್ತು. ಬ್ರಷ್ಷಿನ ತಿರುಪಿನ ಹಿಡಿಯನ್ನು ಬಿಚ್ಚಿ, ಯಾರೂ ಹೇಳಿಕೊಡದೆ, ಬಹಳ ಹೊತ್ತು ಹೆಣಗಿ ಮತ್ತೆ ಕೂಡಿಸಿತು. ಆದರೆ ಬೀಗದ ಕೈಯ ಪ್ರಸಂಗ ಬೇರೆ ಬಗೆಯದು. ತಾಯಿಗೆ ಕಣ್ಣು ಮಂದ. ಪೆಟ್ಟಿಗೆ ತೆರೆಯುವಾಗ ಬೀಗದ ರಂಧ್ರ ಸಿಗದೆ ಅದರ ಸುತ್ತ ಕೀಲಿಯನ್ನು ಆಡಿಸಿ ತಡಕುತ್ತಿದ್ದರು. ರಂಧ್ರ ಚೆನ್ನಾಗಿ ಕಾಣುತ್ತಿದ್ದರೂ ಕೋತಿ ಮೊದಲು ಕೀಲಿಯನ್ನು ಹಾಗೆಯೇ ಸುತ್ತಲೂ ಆಡಿಸಿತು! ಬೀಗ ತೆರೆಯಲು ಇದೂ ಅಗತ್ಯವೆಂದು ಕೋತಿ ಭಾವಿಸಿರಬೇಕು ಎಂಬುದು ದಿನಚರಿಯ ಊಹೆ.

ಒಂದೇ ಕೋತಿಯ, ಒಂದೇ ಮನೆಯ ಸಾಕ್ಷ್ಯವಿದು. ಅಮೆರಿಕದ ಮನೋವಿಜ್ಞಾನಿ ಥಾರ್ನ್‌ಡೈಕ್ 1901ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕೋತಿಗಳು ನೋಡಿ ಕಲಿಯುತ್ತವೆ ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಆದರೆ ಕೋತಿ ಎಲ್ಲಿ, ಯಾರ ಬಳಿ ಬೆಳೆಯಿತು ಎಂಬುದೂ ಮುಖ್ಯ. ಮನುಷ್ಯರ ಕೈಯಲ್ಲಿ ಬೆಳೆದ ಕ್ಯಾಪುಚಿನ್‌ಗಳನ್ನು ತಾಯಿಯ ಬಳಿ ಬೆಳೆದವುಗಳೊಂದಿಗೆ ಹೋಲಿಸಿ ಫ್ರೆಡ್ಮನ್ ಮತ್ತು ವೈಟನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲನೆಯವು ತಮಗೆ ತೋರಿಸಿದ ವಿಧಾನವನ್ನು ಹೆಚ್ಚು ನಿಕಟವಾಗಿ ಅನುಸರಿಸಿದವು.

ಹಾಗೆಂದು ಎಲ್ಲವೂ ಮನುಷ್ಯನ ಕೊಡುಗೆಯಲ್ಲ. ಬ್ರೆಜಿಲ್ಲಿನ ಸೆರಾ ಡ ಕಪಿವಾರದಲ್ಲಿ ಕಾಡು ಕ್ಯಾಪುಚಿನ್‌ಗಳು ಸುಮಾರು 3,000 ವರ್ಷಗಳಿಂದ ಕಲ್ಲುಗಳನ್ನು ಉಪಕರಣವಾಗಿ ಬಳಸುತ್ತಿವೆಯೆಂದು 2019ರಲ್ಲಿ ಪ್ರಕಟವಾದ ಉತ್ಖನನ ತೋರಿಸಿತು. ಕುಟ್ಟುವ ಕೈ ಕೋತಿಯದೇ; ಅದು ಏನನ್ನು, ಹೇಗೆ ಹಿಡಿಯಬೇಕೆಂಬುದರಲ್ಲಿ ಮಾತ್ರ ಸಾಕುವವರ ಅಭ್ಯಾಸ ಬೆರೆಯುತ್ತದೆ.

1881ರ ಫೆಬ್ರವರಿ ಕೊನೆಗೆ ಕೋತಿಯನ್ನು ಹಿಂದಿರುಗಿಸಲಾಯಿತು. ಅದೇ ವರ್ಷ ಸಾಯುವವರೆಗೂ ಅದು ರೊಮೇನ್ಸರನ್ನು ಕಂಡೊಡನೆ ಗುರುತಿಸುತ್ತಿತ್ತು. ಬೀಗ, ಕೀಲಿ, ತಿರುಪುಗಳು ಅದರ ಬಾಳಿನಲ್ಲಿ ಎರಡೂವರೆ ತಿಂಗಳಿಗೇ ಮುಗಿದವು; ಮನುಷ್ಯರ ನಂಟು ಮುಗಿಯಲಿಲ್ಲ. ಪ್ರಾಣಿಯನ್ನು ಮನೆಗೆ ತಂದು ಪರೀಕ್ಷಿಸುವವರು ಈ ಲೆಕ್ಕವನ್ನೂ ಬರೆದಿಡಬೇಕಾಗುತ್ತದೆ.